ಕೆರೆಯ ಮೀನಿನಲ್ಲಿ ಕಾಣುವ ಹುಳುಗಳೂ ಅವುಗಳ ವಿಷಯದಲ್ಲಿ ವಹಿಸತಕ್ಕ ಎಚ್ಚರಿಕೆಯೂ

(ಮದ್ದೂರು ಸೀಮೆಯ ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಬೇಸಿಗೆಯಲ್ಲಿ ಕೆರೆಯ ನೀರು ತಗ್ಗಿ ಮೀನು ಹಿಡಿಯುವ ಕಾಲ ಬಂದಾಗ ಹಳ್ಳಿಗಳಲ್ಲಿ ಒಂದು ಮಾತು ಹುಟ್ಟುವುದುಂಟು. ಯಾರದೋ ಮನೆಯಲ್ಲಿ ಮೀನಿನ ಹೊಟ್ಟೆಯನ್ನು ಸೀಳಿದಾಗ ಹುಳು ಕಂಡಿತೆಂದು ಸುದ್ದಿ ಹರಡುವುದು. ಕೆಲವರು ಆ ಕೆರೆಯ ಮೀನನ್ನೇ ಮುಟ್ಟಬಾರದೆನ್ನುವರು. ಕೆರೆಯನ್ನು ಗುತ್ತಿಗೆಗೆ ಹಿಡಿದವನ ಮೀನು ಕೊಳ್ಳುವವರಿಲ್ಲದೆ ಕೊಳೆತುಹೋಗುವುದು. ಮತ್ತೆ ಕೆಲವರು ಇದೆಲ್ಲವೂ ಬರಿಯ ಹೆದರಿಕೆಯೆಂದು ನಕ್ಕು, ಅರೆಬೆಂದ ಮೀನನ್ನೇ ತಿನ್ನುವರು. ಈ ಎರಡೂ ಸರಿಯಲ್ಲ. ಮೊದಲನೆಯದರಿಂದ ಧನಕ್ಕೂ ಎರಡನೆಯದರಿಂದ ದೇಹಕ್ಕೂ ಹಾನಿಯುಂಟು. ಹುಳುವು ಎಲ್ಲಿಂದ ಬರುವುದು, ಅದು ಹೇಗೆ ಸಾಯುವುದು ಎಂಬುದನ್ನು ತಿಳಿದವನಿಗೆ ಎರಡು ಹಾನಿಯೂ ಇಲ್ಲ.

ಇದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾದ್ದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆಯ ಮರಗಳಲ್ಲಿ ಗೂಡು ಕಟ್ಟಿ ಮರಿಮಾಡುವುದನ್ನು ಎಲ್ಲರೂ ಬಲ್ಲರು. ಆ ಸ್ಥಳವನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. 2017ನೆಯ ಇಸವಿಯ ಕೊನೆಯಿಂದ 2018ರ ಆರಂಭದ ತಿಂಗಳುಗಳವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದವು. ಸತ್ತ ಹಕ್ಕಿಗಳನ್ನು ಕೊಯ್ದು ಪರೀಕ್ಷಿಸಿದಾಗ ದುಂಡುಹುಳುಗಳ ಹಾವಳಿ ಕಂಡುಬಂದಿತು. ಹೆಜ್ಜಾರ್ಲೆಗೆ ಮೀನೇ ಆಹಾರ. ಇಂತಹ ಹುಳುಗಳು ಅದರ ಹೊಟ್ಟೆಯನ್ನು ಸೇರುವ ದಾರಿಯೂ ಮೀನೇ.

ಆ ದಾರಿ ಹೇಗೆಂದರೆ: ಹಕ್ಕಿಯ ಹೊಟ್ಟೆಯಲ್ಲಿರುವ ಹುಳುವಿನ ಮೊಟ್ಟೆಗಳು ಹಿಕ್ಕೆಯೊಡನೆ ನೀರಿಗೆ ಬೀಳುವುವು. ಮೊಟ್ಟೆಯಿಂದ ಬಂದ ಮರಿಹುಳುವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು ನುಂಗುವುವು; ಅವುಗಳನ್ನು ಮೀನು ನುಂಗುವುದು; ಮೀನನ್ನು ಮತ್ತೆ ಹಕ್ಕಿ ನುಂಗುವುದು. ಚಪ್ಪಟೆ ಹುಳುಗಳ ಜಾತಿಗೆ ನಡುವೆ ಬಸವನಹುಳುವೂ ಬೇಕು. ಕೆರೆಯಂಚಿನ ಜೌಗಿನಲ್ಲಿ ಮೇದ ಕುರಿಯ ಈಲಿಯಲ್ಲಿ ಚಪ್ಪಟೆ ಹುಳು ಸೇರುವುದನ್ನು ಕುರಿ ಸಾಕುವವರು ಕಂಡಿದ್ದಾರಷ್ಟೆ. ಅಲ್ಲಿಯೂ ಮೂಲವು ಬಸವನಹುಳುವೇ. ಆದಕಾರಣ ಮೀನಿನಲ್ಲಿ ಹುಳು ಕಂಡರೆ ಕೆರೆಗೆ ಶಾಪ ತಟ್ಟಿತೆಂದಾಗಲಿ, ಗುತ್ತಿಗೆದಾರನು ಮೋಸಮಾಡಿದನೆಂದಾಗಲಿ ಭಾವಿಸತಕ್ಕದ್ದಲ್ಲ. ಹಕ್ಕಿ, ಬಸವನಹುಳು, ಮೀನು ಈ ಮೂರೂ ಇರುವ ನೀರಿನಲ್ಲಿ ಹುಳುವೂ ಇರುವುದು ಸಹಜ.

ಕಾಣುವ ಹುಳುಗಳೆಲ್ಲವೂ ಮನುಷ್ಯನಿಗೆ ಕೇಡುಮಾಡುವುವಲ್ಲ. ಗೆಂಡೆಯ ಮೈಗೆ ಅಂಟಿಕೊಂಡಿರುವ ಮೀನುಹೇನು ಮೀನನ್ನು ಸೊರಗಿಸುವುದೇ ಹೊರತು ತಿಂದವನನ್ನು ಬಾಧಿಸದು. ಬಾಳೆಮೀನಿನ ಗಾಳಿಚೀಲದಲ್ಲಿ ಜಿಗಣೆಯಂತೆ ತೋರುವ ಚಪ್ಪಟೆ ಹುಳುವು ನೋಡುವುದಕ್ಕೆ ಅಸಹ್ಯವಾದರೂ ಮನುಷ್ಯನಿಗೆ ಅದರಿಂದ ಬಾಧೆಯಾಗುವುದು ಬಹಳ ಅಪೂರ್ವ. ನಿಜವಾಗಿ ಅಂಜಬೇಕಾದ ಹುಳುಗಳಾದರೋ ಬಹುಮಟ್ಟಿಗೆ ಕಣ್ಣಿಗೇ ಬೀಳವು. ಅವು ಮಾಂಸದೊಳಗೆ ಧೂಳಿನ ಕಣದಷ್ಟಾಗಿ ಅಡಗಿರುವುವು. ಹುಳು ಕಂಡ ಮೀನಿಗೆ ಹೆದರಿ, ಕಾಣದ ಮೀನನ್ನು ಅರೆಬೇಯಿಸಿ ತಿನ್ನುವವನು ಬಾಗಿಲನ್ನು ಮುಚ್ಚಿ ಗೋಡೆಯನ್ನು ಕೆಡವಿದವನಂತೆ.

ಹಸಿಯಾಗಿ ತಿನ್ನುವುದರ ಫಲವನ್ನು ಬೇರೆ ಸೀಮೆಗಳಲ್ಲಿ ನೋಡಬಹುದು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಹಸಿಯ ಕೆರೆಮೀನನ್ನು ಕೊಚ್ಚಿ ಹುಳಿ ಖಾರ ಬೆರಸಿ ತಿನ್ನುವ ವಾಡಿಕೆಯುಂಟು. ಆ ಮೀನಿನೊಡನೆ ಒಳಹೊಕ್ಕ ಚಪ್ಪಟೆ ಹುಳುವು ಈಲಿಯ ಪಿತ್ತನಾಳದಲ್ಲಿ ವರ್ಷಗಟ್ಟಲೆ ನೆಲೆಸಿ, ಕಡೆಗೆ ಅಲ್ಲಿ ಕ್ಯಾನ್ಸರನ್ನು ಉಂಟುಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 1994ರಲ್ಲಿಯೇ ಇದನ್ನು ನಿರ್ಣಯಿಸಿತು. ನಮ್ಮ ದೇಶದ ಮಣಿಪುರದಲ್ಲಿ ಹಸಿಯ ಅಥವಾ ಅರೆಸುಟ್ಟ ಏಡಿಯನ್ನು ತಿಂದವರ ಶ್ವಾಸಕೋಶದಲ್ಲಿ ಮತ್ತೊಂದು ಜಾತಿಯ ಹುಳು ಸೇರಿ, ಕೆಮ್ಮೂ ರಕ್ತದ ಕಫವೂ ಉಂಟಾಗಿ, ಕ್ಷಯವೆಂದು ತಪ್ಪಾಗಿ ಚಿಕಿತ್ಸೆ ನಡೆದ ಉದಾಹರಣೆಗಳಿವೆ. ಗದ್ದೆಯ ಬದುವಿನಲ್ಲಿ ಹಿಡಿದ ನಳ್ಳಿಯನ್ನು ಕೆಂಡದ ಮೇಲೆ ಎರಡು ಸಲ ಹೊರಳಿಸಿ ತಿನ್ನುವ ಹುಡುಗರಿಗೆ ಹಿರಿಯರು ಇದನ್ನು ತಿಳಿಯಹೇಳಬೇಕು.

ಮಂಡ್ಯ ಸೀಮೆಯ ಅಡಿಗೆಯ ಪದ್ಧತಿಯು ಈ ವಿಷಯದಲ್ಲಿ ಬಹಳ ಮೇಲಾದುದು. ಮಡಕೆಯಲ್ಲಿ ಕುದಿದ ಮೀನಿನ ಸಾರಿನಲ್ಲಿ ಯಾವ ಹುಳುವೂ ಬದುಕಿರದು. ಮೀನಿನ ತುಂಡಿನ ನಡುವಿನ ಭಾಗವೂ 63 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದರೆ ಸಾಕು. ಕುದಿಯುವ ಸಾರಿನ ಶಾಖ ಇದಕ್ಕಿಂತ ಎಷ್ಟೋ ಹೆಚ್ಚು. ಮುಳ್ಳಿನ ಬಳಿಯ ಮಾಂಸವು ಬೆಳ್ಳಗೆ ತಿರುಗಿ ಸುಲಭವಾಗಿ ಬಿಡಿಸಿಬಂದರೆ ಬೆಂದಿತೆಂದು ತಿಳಿಯಬೇಕು. ಹೊರಗೆ ಕೆಂಪಗೆ ಹುರಿದು ಒಳಗೆ ಹಸಿಯಾಗಿ ಉಳಿದ ದಪ್ಪ ತುಂಡಿನಲ್ಲಿಯೇ ಅಪಾಯವಿರುವುದು.

ಹುಣಿಸೆಯ ಹುಳಿ, ನಿಂಬೆಯ ರಸ, ಉಪ್ಪು, ಬಿಸಿಲು ಇವು ಬೆಂಕಿಯ ಕೆಲಸವನ್ನು ಮಾಡಲಾರವು. ಆದ್ದರಿಂದ ಒಣಮೀನನ್ನೂ ಬೇಯಿಸಿಯೇ ತಿನ್ನತಕ್ಕದ್ದು. ಮಂಜುಗಡ್ಡೆಯು ಮೀನು ಕೆಡದಂತೆ ಕಾಯುವುದೇ ಹೊರತು ಹುಳುವನ್ನು ಕೊಲ್ಲದು. ಶೈತ್ಯದಿಂದ ಕೊಲ್ಲಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ 7 ದಿನ ಇಡಬೇಕು. ಮನೆಯ ಸಣ್ಣ ಶೀತಪೆಟ್ಟಿಗೆಯನ್ನು ಇದಕ್ಕೆ ನಂಬುವಂತಿಲ್ಲ.

ಆದರೆ ಬೆಂಕಿಯಿಂದಲೂ ಪರಿಹಾರವಾಗದ ದೋಷವೊಂದುಂಟು. ಕರಾವಳಿಯಿಂದ ಘಟ್ಟ ಹತ್ತಿ ಸಂತೆಗೆ ಬರುವ ಬಂಗುಡೆ, ಬೂತಾಯಿ ಮೊದಲಾದ ಮೀನುಗಳನ್ನು ಮಂಜುಗಡ್ಡೆಯಿಲ್ಲದೆ ಬಿಸಿಲಿನಲ್ಲಿಟ್ಟರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ವಿಷವು ಹುಟ್ಟುವುದು. ಎಷ್ಟು ಕುದಿಸಿದರೂ ಅದು ಹೋಗದು. ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು ಬರುವುದು. ಮೀನಿನ ತೂಕದಷ್ಟೇ ಮಂಜುಗಡ್ಡೆಯನ್ನು ಬೆರಸಿ ತಂದ ಮಾಲನ್ನೇ ಕೊಳ್ಳುವುದು ಲೇಸು. ಹುಳುವಿಗೆ ಬೆಂಕಿಯೇ ಮದ್ದು, ಕೊಳೆತುದಕ್ಕೆ ಮದ್ದಿಲ್ಲ.

ಇನ್ನು ಪ್ರತಿ ಮನೆಯವರೂ ಊರಿನ ಮುಖಂಡರೂ ನಡಸತಕ್ಕ ಕ್ರಮಗಳು:

1. ಮೀನನ್ನು ಹಿಡಿದ ಕೂಡಲೆ ಹೊಟ್ಟೆ ಸೀಳಿ ಕರುಳನ್ನು ತೆಗೆಯಬೇಕು. ದುಂಡುಹುಳುಗಳು ಹೆಚ್ಚಾಗಿ ಹೊಟ್ಟೆಯೊಳಗೇ ಇರುವುವು. ಮೀನು ಸತ್ತು ಹೊತ್ತಾದಮೇಲೆ ಕೆಲವು ಜಾತಿಯವು ಮಾಂಸಕ್ಕೆ ನುಗ್ಗುವುವು.

2. ಕರುಳನ್ನೂ ತ್ಯಾಜ್ಯವನ್ನೂ ಕೆರೆಗೆ ಎಸೆಯಬಾರದು. ನಾಯಿ ಬೆಕ್ಕುಗಳಿಗೆ ಹಸಿಯಾಗಿ ಹಾಕಬಾರದು. ಇವುಗಳ ಹೊಟ್ಟೆಯಲ್ಲಿ ಬೆಳೆದ ಹುಳುವಿನ ಮೊಟ್ಟೆ ಮರಳಿ ಕೆರೆಗೇ ಸೇರುವುದು. ಆಳವಾದ ಗುಂಡಿಯಲ್ಲಿ ಹೂಳಿದರೆ ತೆಂಗಿಗೆ ಗೊಬ್ಬರವಾಗುವುದು.

3. ಹಸಿಯ ಮೀನನ್ನು ಕೊಯ್ದ ಈಳಿಗೆಮಣೆಯನ್ನು ಬಿಸಿನೀರಿನಲ್ಲಿ ತೊಳೆಯದೆ ಅದರಲ್ಲಿ ಸೌತೆಕಾಯಿ, ಈರುಳ್ಳಿಗಳನ್ನು ಹೆಚ್ಚಬಾರದು.

4. ಕೆರೆಯ ಏರಿಯಲ್ಲಿಯೂ ನಾಲೆಯ ದಂಡೆಯಲ್ಲಿಯೂ ಮಲವಿಸರ್ಜನೆಯಾಗದಂತೆ ಊರಿನವರು ಕಟ್ಟುಮಾಡಬೇಕು. ಚರಂಡಿಯ ನೀರು ಮೀನು ಬಿಟ್ಟ ಕೆರೆಗೆ ಬೀಳಬಾರದು.

5. ಮೀನುಹೇನನ್ನು ಕೊಲ್ಲುವೆವೆಂದು ಬೆಳೆಗೆ ಹೊಡೆಯುವ ಔಷಧವನ್ನು ಕೆರೆಗೆ ಸುರಿಯಬಾರದು. ಮೀನುಗಾರಿಕೆ ಇಲಾಖೆಯವರನ್ನು ಕೇಳಿ ನಡೆಯಬೇಕು.

6. ಮೀನಿಗೆ ಹುಳು ತಂದವೆಂದು ಹಕ್ಕಿಗಳನ್ನು ಓಡಿಸುವುದೂ ಗೂಡು ಕೆಡಿಸುವುದೂ ಕೂಡದು. ಹುಳುವಿನ ಕಷ್ಟವನ್ನು ಮೊದಲು ಉಂಡುದು ಆ ಹಕ್ಕಿಗಳೇ.

ಕೊಕ್ಕರೆಬೆಳ್ಳೂರಿನವರು ಹೆಜ್ಜಾರ್ಲೆಯನ್ನು ಹೆರಿಗೆಗೆ ತವರಿಗೆ ಬಂದ ಮಗಳಂತೆ ಕಾಣುವರು. ಆ ಮಗಳು ಸತ್ತುಬಿದ್ದ ವರ್ಷವು ಊರಿಗೆ ಒಂದು ಎಚ್ಚರಿಕೆಯನ್ನು ಹೇಳಿಹೋಯಿತು: ಹಕ್ಕಿ ಉಣ್ಣುವ ನೀರೂ ಮನೆಮಂದಿ ಉಣ್ಣುವ ನೀರೂ ಒಂದೇ. ಹಕ್ಕಿಗೆ ಮೀನನ್ನು ಬೇಯಿಸಿಕೊಳ್ಳುವ ಒಲೆಯಿಲ್ಲ, ಮನುಷ್ಯನಿಗುಂಟು. ಅದನ್ನು ಸರಿಯಾಗಿ ಉರಿಸಿ, ಕೆರೆಯನ್ನು ಶುಚಿಯಾಗಿಟ್ಟುಕೊಂಡವನು ಮೀನನ್ನು ನಿರ್ಭಯವಾಗಿ ಉಣ್ಣಬಹುದು, ನಿರ್ಭಯವಾಗಿ ಮಾರಬಹುದು.