ಮೆಷಿನ್ ಇದ್ದರೆ ಸಾಲದು, ನೋಡುವ ಡಾಕ್ಟರು ಬೇಕು

(ತಾಲೂಕು ಮಟ್ಟದ ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದರೆ 'ಆಸ್ಪತ್ರೆ ಖರ್ಚಿಗೆ' ಎಂಬ ಮಾತು ಎಷ್ಟು ಸಲ ಬರುತ್ತದೆ ಎಂದು ನಿಮಗೇ ಗೊತ್ತು. ಅದರಲ್ಲಿ ಸ್ಕ್ಯಾನಿಂಗಿಗೆಂದು ಪೇಟೆಗೆ ಹೋಗಿ ಬಂದ ಖರ್ಚೂ ಇರುತ್ತದೆ. ಬಸ್ ಚಾರ್ಜು ಹೋಯಿತು, ಒಂದು ದಿನದ ಕೂಲಿ ಹೋಯಿತು. ಅಲ್ಲಿ ಹೋದರೆ "ಡಾಕ್ಟರು ಇವತ್ತು ಇಲ್ಲ, ನಾಳೆ ಬನ್ನಿ" ಅಂತಾರೆ. "ನಮ್ಮೂರ ಆಸ್ಪತ್ರೆಯಲ್ಲೇ ಮೆಷಿನ್ ಇದೆಯಲ್ಲ ಸಿಸ್ಟರ್?" ಎಂದು ನೀವು ಕೇಳ್ತೀರಿ. ಮೆಷಿನ್ ಇದೆ. ಅದನ್ನು ನೋಡುವವರು ಯಾರು? ಇವತ್ತಿನ ಮಾತು ಅದೇ.

ರೇಡಿಯಾಲಜಿಸ್ಟ್ ಎಂದರೆ ಯಾರು? ಎಂ.ಬಿ.ಬಿ.ಎಸ್. ಮುಗಿಸಿ, ಅದರ ಮೇಲೆ ಎಕ್ಸ್-ರೇ, ಸ್ಕ್ಯಾನಿಂಗ್ ನೋಡುವುದನ್ನೇ ಕಲಿತ ತಜ್ಞ ವೈದ್ಯರು. ಎಂ.ಡಿ. ಮಾಡುವುದಾದರೆ ಇನ್ನೂ ಮೂರು ವರ್ಷ ಓದಬೇಕು. ಎಕ್ಸ್-ರೇ ತೆಗೆಯುವವರು ಟೆಕ್ನಿಷಿಯನ್. ಅದರಲ್ಲಿ ಏನು ತೊಂದರೆ ಕಾಣುತ್ತದೆ ಎಂದು ಓದಿ, ರಿಪೋರ್ಟಿಗೆ ಸಹಿ ಹಾಕುವವರು ರೇಡಿಯಾಲಜಿಸ್ಟ್. ಇಂಥ ತಜ್ಞರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದ್ದಾರೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರ್ ಮೂಲಕ ದೂರದ ಊರಿಗೆ ಕಳಿಸಬಹುದು. ಅಲ್ಲಿಯ ಡಾಕ್ಟರು ನೋಡಿ ರಿಪೋರ್ಟ್ ಕಳಿಸುತ್ತಾರೆ. ಇದಕ್ಕೆ ಟೆಲಿ-ರೇಡಿಯಾಲಜಿ ಅಂತಾರೆ. ಆದರೆ ಹೊಟ್ಟೆಯ ಸ್ಕ್ಯಾನಿಂಗ್ ಹಾಗಲ್ಲ. ಡಾಕ್ಟರ ಕೈ ಆಡಿದ ಹಾಗೆ ಚಿತ್ರ ಬದಲಾಗುತ್ತದೆ, ಅವರು ಅಲ್ಲೇ ನೋಡುತ್ತಾ ನಿರ್ಣಯಿಸಬೇಕು. ಆದ್ದರಿಂದ ಎಕ್ಸ್-ರೇಗೆ ಚಿತ್ರ ಕಳಿಸುವ ವ್ಯವಸ್ಥೆಯಾದರೂ ಸಾಕು. ಸ್ಕ್ಯಾನಿಂಗಿಗೆ ಡಾಕ್ಟರೇ ನಮ್ಮಲ್ಲಿಗೆ ಬರಬೇಕು.

ಗರ್ಭಿಣಿಯರಿಗೆ ಇದು ಇನ್ನೂ ಮುಖ್ಯ. ಮಗುವಿನ ಅಂಗಾಂಗ ಸರಿ ಇದೆಯೇ ಎಂದು ನೋಡುವ ಸ್ಕ್ಯಾನಿಂಗನ್ನು ಐದನೇ ತಿಂಗಳ ಹೊತ್ತಿಗೆ, 18ರಿಂದ 20 ವಾರದಲ್ಲಿ ಮಾಡಿಸಬೇಕು. ಮಾಸು ಕೆಳಗೆ ಕೂತಿದೆಯೇ ಎಂಬುದೂ ಸ್ಕ್ಯಾನಿಂಗಿನಲ್ಲೇ ಗೊತ್ತಾಗುತ್ತದೆ. ಅದು ಕೆಳಗೇ ಉಳಿದರೆ ಹೆರಿಗೆ ಹೊತ್ತಿಗೆ ವಿಪರೀತ ರಕ್ತ ಹೋಗಿ ತಾಯಿಯ ಜೀವಕ್ಕೇ ಅಪಾಯ. ಮೊದಲೇ ತಿಳಿದರೆ ದೊಡ್ಡ ಆಸ್ಪತ್ರೆಗೆ ಹೋಗಲು ತಯಾರಾಗಬಹುದು. "ಮುಂದಿನ ತಿಂಗಳು ನೋಡೋಣ" ಎಂದು ತಳ್ಳಬೇಡಿ.

ಹಾಗಾದರೆ ನಾವು ಏನು ಮಾಡಬಹುದು?

1. ದಿನ ಕೇಳಿ, ಆಮೇಲೆ ಬಸ್ ಹತ್ತಿ. ಸ್ಕ್ಯಾನಿಂಗ್ ಡಾಕ್ಟರು ಯಾವ ವಾರ, ಎಷ್ಟು ಗಂಟೆಗೆ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಅಥವಾ ಆಸ್ಪತ್ರೆಯಲ್ಲಿ ವಿಚಾರಿಸಿ. ಡಾಕ್ಟರ ಸಮಯವನ್ನು ಸ್ಕ್ಯಾನಿಂಗ್ ಕೇಂದ್ರ ಸ್ಪಷ್ಟವಾಗಿ ತಿಳಿಸಬೇಕೆಂದು ನಿಯಮವೇ ಇದೆ.

2. 9ನೇ ತಾರೀಕು ನೆನಪಿಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ, ಪ್ರತಿ ತಿಂಗಳ 9ರಂದು ನಾಲ್ಕನೇ ತಿಂಗಳ ನಂತರದ ಗರ್ಭಿಣಿಯರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ. ಖಾಸಗಿ ರೇಡಿಯಾಲಜಿಸ್ಟರೂ ಸ್ವಯಂಸೇವಕರಾಗಿ ಬರಲು ಇದರಲ್ಲಿ ಅವಕಾಶವಿದೆ. ನಿಮ್ಮ ತಾಲೂಕಿಗೆ ಯಾರಾದರೂ ಬರುತ್ತಾರಾ ಎಂದು ಕೇಳಿ.

3. ದುಡ್ಡು ಕೊಡುವ ಮೊದಲು ಹಕ್ಕು ಕೇಳಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಗೆ ರಕ್ತ, ಮೂತ್ರ, ಸ್ಕ್ಯಾನಿಂಗ್ ಪರೀಕ್ಷೆ ಉಚಿತ.

4. ಖಾಸಗಿಗೆ ಹೋಗುವುದಾದರೆ ಗೋಡೆ ನೋಡಿ. ನೋಂದಣಿ ಪ್ರಮಾಣಪತ್ರ ತೂಗುಹಾಕಿರಬೇಕು. ರಿಪೋರ್ಟಿನಲ್ಲಿ ಡಾಕ್ಟರ ಹೆಸರು, ಸಹಿ ಇರಬೇಕು. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ, ಯಾರಿಗೂ ಕೇಳಲು ಬಿಡಬೇಡಿ. 1994ರ ಕಾಯ್ದೆ ಪ್ರಕಾರ ಅದು ಅಪರಾಧ.

5. ಒಟ್ಟಾಗಿ ಅರ್ಜಿ ಕೊಡಿ. ತಾಲೂಕು ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. "ವಾರಕ್ಕೆ ಒಂದು ದಿನವಾದರೂ ರೇಡಿಯಾಲಜಿಸ್ಟ್ ಬರಲಿ, ಆ ದಿನವನ್ನು ಬೋರ್ಡಿನಲ್ಲಿ ಬರೆಯಿರಿ, ಎಕ್ಸ್-ರೇ ರಿಪೋರ್ಟಿಗೆ ಟೆಲಿ-ರೇಡಿಯಾಲಜಿ ಮಾಡಿ" ಎಂದು ಸಮಿತಿಗೂ ಜಿಲ್ಲಾ ಆರೋಗ್ಯಾಧಿಕಾರಿಗೂ ಬರೆಯಿರಿ. ಸ್ವೀಕೃತಿ ತೆಗೆದುಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಒಬ್ಬಳೇ ಹೋಗಿ ಕೇಳಿದರೆ "ಆಯ್ತಮ್ಮ, ನೋಡೋಣ" ಅಂತಾರೆ. ಇಪ್ಪತ್ತು ಸಂಘಗಳ ಸಹಿ ಇರುವ ಅರ್ಜಿಯನ್ನು ಮೂಲೆಗೆ ಹಾಕುವುದು ಅಷ್ಟು ಸುಲಭ ಅಲ್ಲ. ಬ್ಯಾಂಕಿನ ಬಾಗಿಲಿಗೆ ಹೋಗಲು ಹೆದರುತ್ತಿದ್ದ ನೀವೇ ಇವತ್ತು ಮ್ಯಾನೇಜರ್ ಎದುರು ಕೂತು ಮಾತಾಡ್ತೀರಿ. ಇದನ್ನೂ ಮಾಡ್ತೀರಿ.

ಮುಂದಿನ ವಾರದ ಸಭೆಯಲ್ಲಿ ಎರಡು ಕೆಲಸ ಆಗಲಿ. ನಿಮ್ಮ ಸಂಘದ ಮನೆಗಳಲ್ಲಿ ಗರ್ಭಿಣಿಯರು ಯಾರು, ಅವರ ಸ್ಕ್ಯಾನಿಂಗ್ ತಾರೀಕು ಯಾವಾಗ ಎಂದು ಪಟ್ಟಿ ಮಾಡಿ. ಅರ್ಜಿ ಕೊಡುವ ವಿಷಯವನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.