ಬೆರಳಿಗೊಂದು ಆಟ, ಅದೃಷ್ಟಕ್ಕೊಂದು ಆಟ: ಫೋನಿನೊಳಗಿನ ರಾಕ್ ಬ್ಯಾಂಡ್



ಮಾಟುಂಗದಲ್ಲಿ ನಿಂತು ತಾಳದ ಬಗ್ಗೆ ಮಾತಾಡೋಕೆ ಸ್ವಲ್ಪ ಧೈರ್ಯ ಬೇಕು. ಹತ್ತಿರದಲ್ಲೇ ಷಣ್ಮುಖಾನಂದ ಸಭಾಂಗಣ ಇದೆ. ಈ ಕಡೆ ಯಾವ ಬಿಲ್ಡಿಂಗಿಗೆ ಹೋದ್ರೂ ತೊಡೆ ಮೇಲೆ ತಾಳ ಹಾಕ್ತಾ ರೇಡಿಯೋ ಕೇಳೋ ಒಬ್ಬ ಅಜ್ಜ ಇದ್ದೇ ಇರ್ತಾರೆ. ನಾನು ಸಂಗೀತಗಾರ ಅಲ್ಲ. ಎಂ.ಟೆಕ್. ಮುಗಿಸಿ ಮೊಬೈಲ್ ಸಾಫ್ಟ್‌ವೇರ್ ಬರೆಯೋ ಕೆಲಸ ನಂದು. ಹಾಗಾಗಿ ಇವತ್ತು ತಾಳವನ್ನ ಅಳೆಯೋ ಒಂದು ಸಾಫ್ಟ್‌ವೇರ್ ಬಗ್ಗೆ, ಅಂದ್ರೆ ನಿಮ್ಮ ಮಕ್ಕಳು ಲೋಕಲ್ ಟ್ರೇನಿನಲ್ಲಿ ಕೂತು ಎರಡು ಹೆಬ್ಬೆರಳಲ್ಲಿ ಟಪಟಪ ಅಂತ ಆಡ್ತಾರಲ್ಲ, ಆ ರಾಕ್ ಬ್ಯಾಂಡ್ ಆಟದ ಬಗ್ಗೆ ಮಾತಾಡ್ತೀನಿ.

ಗೊತ್ತಿಲ್ಲದವರಿಗೆ ಒಂದು ಉದಾಹರಣೆ. ‘ಬ್ಯಾಂಗ್ ಡ್ರೀಮ್! ಗರ್ಲ್ಸ್ ಬ್ಯಾಂಡ್ ಪಾರ್ಟಿ!’ ಅಂತ ಒಂದು ಆಟ. 2017ರಲ್ಲಿ ಜಪಾನಿನಲ್ಲಿ ಬಂತು, 2018ರಲ್ಲಿ ಇಂಗ್ಲಿಷಿಗೆ ಬಂತು. ಶುರುವಿನಲ್ಲಿ ಹೆಚ್ಚಾಗಿ ಹೈಸ್ಕೂಲ್ ಹುಡುಗಿಯರ ಐದು ಬ್ಯಾಂಡುಗಳಿದ್ದವು, ಪ್ರತಿ ಬ್ಯಾಂಡಿನಲ್ಲಿ ಐದು ಜನ. ಹಾಡು ಶುರುವಾದರೆ ಪರದೆಯ ಮೇಲೆ ಏಳು ದಾರಿಗಳಲ್ಲಿ ಚುಕ್ಕೆಗಳು ಕೆಳಗೆ ಇಳಿದು ಬರ್ತವೆ. ಗೆರೆ ಮುಟ್ಟೋ ಕ್ಷಣಕ್ಕೆ ಸರಿಯಾಗಿ ಬೆರಳು ಒತ್ತಬೇಕು. ಕೆಲವನ್ನ ಒತ್ತಿ ಹಿಡೀಬೇಕು, ಕೆಲವನ್ನ ಮೇಲಕ್ಕೆ ಚಿಮ್ಮಬೇಕು. ಇದು ಆಟದ ಒಂದು ಅರ್ಧ. ಇನ್ನೊಂದು ಅರ್ಧದಲ್ಲಿ ನೀವು ಮ್ಯಾನೇಜರ್. ಸದಸ್ಯರ ಕಾರ್ಡ್‌ಗಳನ್ನ ಸೇರಿಸೋದು, ಅವರ ಮಟ್ಟ ಏರಿಸೋದು, ಐದು ಕಾರ್ಡ್ ಜೋಡಿಸಿ ನಿಮ್ಮ ತಂಡ ಕಟ್ಟೋದು.

ಈ ಎರಡು ಅರ್ಧಗಳನ್ನ ಬೇರೆ ಬೇರೆ ಮಾಡಿ ನೋಡೋಕೆ ಕಲೀಬೇಕು ಅನ್ನೋದೇ ಇವತ್ತು ನಾನು ಹೇಳಬೇಕಾಗಿರೋ ಮಾತು. ಒಂದು ಅರ್ಧ ಅಭ್ಯಾಸಕ್ಕೆ ಬೆಲೆ ಕೊಡುತ್ತೆ. ಇನ್ನೊಂದು ಅರ್ಧ ಅದೃಷ್ಟವನ್ನ ಮಾರುತ್ತೆ. ಹೊರಗಿಂದ ನೋಡಿದರೆ ಎರಡೂ ಒಂದೇ ಆಟ.

ಮೊದಲು ಬೆರಳಿನ ಅರ್ಧ ನೋಡೋಣ. ನಿಮಿಷಕ್ಕೆ 120 ಪೆಟ್ಟಿನ ಹಾಡು ತಗೊಳ್ಳಿ. ಒಂದು ಪೆಟ್ಟಿಗೆ 500 ಮಿಲಿಸೆಕೆಂಡ್. ಅದನ್ನ ನಾಲ್ಕು ಭಾಗ ಮಾಡಿದರೆ 125. ಇಂಥ ಆಟಗಳು ನಿಮ್ಮ ಬೆರಳು ಕೆಲವು ಹತ್ತು ಮಿಲಿಸೆಕೆಂಡ್ ಒಳಗೆ ಬಿದ್ದರೆ ‘ಪರ್ಫೆಕ್ಟ್’ ಅಂತವೆ, ಸ್ವಲ್ಪ ಆಚೀಚೆ ಆದರೆ ‘ಗ್ರೇಟ್’, ‘ಗುಡ್’, ‘ಬ್ಯಾಡ್’, ಆಮೇಲೆ ‘ಮಿಸ್’. ಫೋನಿನ ಪರದೆ ಸೆಕೆಂಡಿಗೆ 60 ಸಲ ಬದಲಾದರೆ ಒಂದೊಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ಅಂದ್ರೆ ಮೂರ್ನಾಲ್ಕು ಚಿತ್ರ ಬದಲಾಗೋ ಹೊತ್ತಿನಲ್ಲಿ ತೀರ್ಪು ಮುಗಿದಿರುತ್ತೆ.

ನನ್ನಂಥ ಎಂಜಿನಿಯರ್‌ಗೆ ತಲೆನೋವು ಶುರುವಾಗೋದು ಇಲ್ಲೇ. ಪ್ರೋಗ್ರಾಂ ‘ಶಬ್ದ ಹೊರಡಿಸು’ ಅಂತ ಹೇಳಿದ ಕ್ಷಣಕ್ಕೂ ಅದು ಸ್ಪೀಕರಿನಿಂದ ಹೊರಬೀಳೋ ಕ್ಷಣಕ್ಕೂ ನಡುವೆ ಒಂದು ತಡ ಇದೆ. ಒಂದೊಂದು ಫೋನಿನಲ್ಲಿ ಒಂದೊಂದಷ್ಟು. ಆಂಡ್ರಾಯ್ಡ್ ಬಹಳ ವರ್ಷ ಇದರಲ್ಲಿ ಹಿಂದಿತ್ತು. 2017ರ ಆಂಡ್ರಾಯ್ಡ್ 8ರಲ್ಲಿ ಎಆಡಿಯೋ ಅನ್ನೋ ಹೊಸ ವ್ಯವಸ್ಥೆ ಬಂದಮೇಲೆ ಕೆಲಸ ಸ್ವಲ್ಪ ಹಗುರಾಯ್ತು. ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡ್ರೆ ಮತ್ತೆ 150, 200 ಮಿಲಿಸೆಕೆಂಡ್ ತಡ ಸೇರಬಹುದು. ಈಗಷ್ಟೇ ಹೇಳಿದ 125ರ ಲೆಕ್ಕ ನೆನಪಿಸಿಕೊಳ್ಳಿ. ಕಾಲು ಪೆಟ್ಟಿಗಿಂತ ಹೆಚ್ಚು ತಡ! ಹುಡುಗ ಸರಿಯಾಗೇ ತಾಳ ಹಾಕ್ತಿದ್ದಾನೆ, ಫೋನ್ ‘ಮಿಸ್’ ಅಂತಿದೆ. ಅವನು ‘ನನಗೆ ತಾಳಜ್ಞಾನ ಇಲ್ಲ’ ಅಂದುಕೊಳ್ತಾನೆ. ಹಾಗಾಗಿ ಇಂಥ ಆಟಗಳ ಸೆಟ್ಟಿಂಗ್‌ನಲ್ಲಿ ತಡವನ್ನ ಸರಿದೂಗಿಸೋ ಒಂದು ಜಾಗ ಇರುತ್ತೆ. ತಂತಿ ಇರೋ ಇಯರ್‌ಫೋನ್ ಹಾಕಿ, ಅಲ್ಲಿ ಒಂದು ಸಲ ಹೊಂದಿಸಿ, ಆಮೇಲೆ ಆಡಬೇಕು.

ಈಗ ನೀವು ಒಂದು ಕೆಲಸ ಮಾಡಬೇಕು. ಎಲ್ಲರೂ ನನ್ನ ಜೊತೆ ಚಪ್ಪಾಳೆ ತಟ್ಟಿ. ಒಂದು, ಎರಡು, ಮೂರು, ನಾಲ್ಕು... ನಾನು ನಿಲ್ಲಿಸ್ತೀನಿ, ನೀವು ಮುಂದುವರಿಸಿ... ಹಾಂ, ಸಾಕು. (ನಗು) ಸ್ವಲ್ಪ ವೇಗ ಜಾಸ್ತಿ ಆಯ್ತು, ಅಲ್ವಾ? ಆದರೆ ಎಲ್ಲರದ್ದೂ ಒಟ್ಟಿಗೇ ಜಾಸ್ತಿ ಆಯ್ತು. ಯಾಕಂದ್ರೆ ಪಕ್ಕದವರ ಚಪ್ಪಾಳೆ ಕೇಳಿ ನೀವು ನಿಮ್ಮದನ್ನ ಸರಿಸಿದ್ರಿ. ಫೋನ್ ಇದನ್ನ ಅಳೆದಿದ್ದರೆ ಕೊನೇ ನಾಲ್ಕು ಪೆಟ್ಟಿಗೆ ಎಲ್ಲರಿಗೂ ‘ಮಿಸ್’ ಕೊಡ್ತಿತ್ತು.

ಯಕ್ಷಗಾನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ವೇಷಧಾರಿಯ ಹೆಜ್ಜೆ ಮೇಲೆ ಚೆಂಡೆಯವರ ಕಣ್ಣು ಇರುತ್ತೆ. ಭಾಗವತರು ತಾಳ ಹಿಡಿದು ಎಲ್ಲರನ್ನೂ ನಡೆಸ್ತಾರೆ, ಕುಣಿತಕ್ಕೆ ಇನ್ನೊಂದು ಸುತ್ತು ಬೇಕು ಅಂದ್ರೆ ಕೊಡ್ತಾರೆ. ಆಟದಲ್ಲಿ ಹಾಡು ಯಾರಿಗೂ ಕಾಯೋದಿಲ್ಲ. ಐದು ಜನ ಇಂಟರ್‌ನೆಟ್‌ನಲ್ಲಿ ಸೇರಿ ಆಡೋ ವ್ಯವಸ್ಥೆ ಬ್ಯಾಂಗ್ ಡ್ರೀಮ್‌ನಲ್ಲಿದೆ, ನಿಜ. ಆದರೆ ನಿಮ್ಮ ಪೆಟ್ಟು ಇನ್ನೊಬ್ಬರ ಕಿವಿಗೆ ಬೀಳೋದಿಲ್ಲ. ಐದೂ ಜನ ಅದೇ ರೆಕಾರ್ಡಿಂಗ್ ಜೊತೆ ಓಡ್ತಿರ್ತಾರೆ.

ಇಷ್ಟಾದರೂ ಈ ಅರ್ಧವನ್ನ ನಾನು ಹೊಗಳ್ತೀನಿ. ಇಲ್ಲಿ ಮೋಸ ಇಲ್ಲ. ಇವತ್ತು ಬಾರದ ಹಾಡು ಎರಡು ವಾರ ಆಡಿದರೆ ಬರುತ್ತೆ. ಎಡಗೈ ಬಲಗೈ ಬೇರೆ ಬೇರೆ ಲಯದಲ್ಲಿ ಓಡೋಕೆ ಕಲೀತವೆ. ದುಡ್ಡು ಕೊಟ್ಟು ಇದನ್ನ ಕೊಳ್ಳೋಕಾಗಲ್ಲ.

ಇನ್ನು ಮ್ಯಾನೇಜರ್ ಅರ್ಧ. ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ತಾಳದ ಆಟಗಳಿಗೆ ದಾರಿ ಹಾಕಿದ್ದು 1996ರಲ್ಲಿ ಜಪಾನಿನಲ್ಲಿ ಬಂದ ‘ಪರಾಪ್ಪಾ ದ ರ‍್ಯಾಪರ್’. 2005ರಲ್ಲಿ ಅಮೆರಿಕದ ಹಾರ್ಮೋನಿಕ್ಸ್ ಕಂಪನಿ ‘ಗಿಟಾರ್ ಹೀರೋ’ ಮಾಡಿತು, 2007ರಲ್ಲಿ ‘ರಾಕ್ ಬ್ಯಾಂಡ್’. ಈ ರಾಕ್ ಬ್ಯಾಂಡ್‌ನಲ್ಲಿ ಗಿಟಾರ್, ಬಾಸ್, ಡ್ರಮ್ಸ್, ಹಾಡು ಅಂತ ನಾಲ್ಕು ಜನಕ್ಕೆ ನಾಲ್ಕು ಬೇರೆ ಕೆಲಸ. ಊರೂರು ಸುತ್ತಿ ಅಭಿಮಾನಿಗಳನ್ನ ಗಳಿಸಬೇಕು, ಮೊದಲು ವ್ಯಾನ್, ಆಮೇಲೆ ಬಸ್, ಆಮೇಲೆ ವಿಮಾನ ಸಿಗುತ್ತೆ. ಇಲ್ಲೂ ಬ್ಯಾಂಡ್ ನಡೆಸೋದೇ ಕಥೆ, ಆದರೆ ವ್ಯಾನ್ ಸಿಗೋದು ಚೆನ್ನಾಗಿ ಬಾರಿಸಿದರೆ ಮಾತ್ರ. ದುಡ್ಡು ಕೊಟ್ಟು ಹೊಸ ಹಾಡು ಕೊಂಡರೆ ಯಾವ ಹಾಡು ಅಂತ ಮೊದಲೇ ಗೊತ್ತಿರುತ್ತೆ.

ಫೋನಿನ ಆಟ ಉಚಿತ. ಹಾಗಾದರೆ ದುಡ್ಡು ಎಲ್ಲಿಂದ? ಗಾಚಾದಿಂದ. ಜಪಾನಿನ ಅಂಗಡಿಗಳ ಮುಂದೆ ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಒಂದು ಗೊಂಬೆ ಬೀಳೋ ಪೆಟ್ಟಿಗೆಗಳಿರ್ತವೆ, ಆ ಶಬ್ದದಿಂದ ಬಂದ ಹೆಸರು. ನಮ್ಮ ಜಾತ್ರೆಯ ಲಕ್ಕಿ ಡಿಪ್ ಅಂದುಕೊಳ್ಳಿ. ಒಳ್ಳೆ ಕಾರ್ಡ್ ಬರಬಹುದು, ಬಾರದೇ ಇರಬಹುದು.

ಲೆಕ್ಕ ಮಾಡೋಣ. ಒಳ್ಳೆ ಕಾರ್ಡ್ ಸಿಗೋ ಸಾಧ್ಯತೆ ನೂರಕ್ಕೆ 3 ಅಂತ ಇಟ್ಟುಕೊಳ್ಳಿ. ‘ಹತ್ತು ಸಲ ಎಳೆದರೆ ನೂರಕ್ಕೆ 30’ ಅಂತ ಮನಸ್ಸು ಹೇಳುತ್ತೆ. ಗುಣಿಸಿ ನೋಡಿ: 0.97ನ್ನ ಹತ್ತು ಸಲ ಗುಣಿಸಿದರೆ 0.74. ಹತ್ತು ಹತ್ತು ಸಲ ಎಳೆದ ನೂರು ಜನರಲ್ಲಿ 74 ಜನಕ್ಕೆ ಒಂದೂ ಬಂದಿರಲ್ಲ. ನೂರು ಸಲ ಎಳೆದರೂ ನೂರರಲ್ಲಿ ಐದು ಜನ ಬರಿಗೈ. ಮಗಳಿಗೆ ‘ಅದೇ’ ಗಿಟಾರಿಸ್ಟ್ ಬೇಕು, ಅದರ ಸಾಧ್ಯತೆ ನೂರಕ್ಕೆ ಅರ್ಧ ಅಂದ್ರೆ, 200 ಸಲ ಎಳೆದ ಮೇಲೂ ನೂರರಲ್ಲಿ ಸುಮಾರು 37 ಮಕ್ಕಳಿಗೆ ಸಿಕ್ಕಿರಲ್ಲ.

‘ಕಾರ್ಡ್ ಬರೀ ಚಿತ್ರ ತಾನೇ?’ ಅಂತ ಕೇಳಬಹುದು. ಅಲ್ಲ. ಅಂಕ ಲೆಕ್ಕ ಹಾಕುವಾಗ ನಿಮ್ಮ ಬೆರಳಿನ ನಿಖರತೆಯ ಜೊತೆ ತಂಡದ ಕಾರ್ಡ್‌ಗಳ ಬಲವೂ ಸೇರುತ್ತೆ. ಇಬ್ಬರು ಒಂದೇ ಹಾಡನ್ನ ಒಂದೂ ತಪ್ಪದೆ ಬಾರಿಸಿದರೂ ಬಲವಾದ ಕಾರ್ಡ್ ಇರೋನು ಮೇಲೆ. ಮಾರಾಟ ನಡೆಯೋದು ಈ ಜಾಗದಲ್ಲಿ. ಸೋತ ಮಗುವಿಗೆ ‘ಇನ್ನೂ ಅಭ್ಯಾಸ ಮಾಡು’ ಅಂತಲೂ ಅನಿಸುತ್ತೆ, ‘ಇನ್ನೊಂದು ಸಲ ಎಳಿ’ ಅಂತಲೂ ಅನಿಸುತ್ತೆ. ಎರಡರ ನಡುವಿನ ಗೆರೆ ಅದಕ್ಕೆ ಕಾಣಿಸೋದಿಲ್ಲ.

ಸರ್ಕಾರಗಳು, ಕಂಪನಿಗಳು ಸುಮ್ಮನೆ ಕೂತಿಲ್ಲ. ಇಂಥಿಂಥ ಕಾರ್ಡ್‌ಗಳ ಪೂರ್ತಿ ಗುಂಪು ಸೇರಿಸಿದರೆ ದೊಡ್ಡ ಬಹುಮಾನ ಅನ್ನೋ ಒಂದು ಬಗೆಯ ಗಾಚಾ ಇತ್ತು. ಅದು ಕಾನೂನಿಗೆ ವಿರುದ್ಧ ಅಂತ ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ 2012ರಲ್ಲಿ ಹೇಳಿತು. 2017ರ ಡಿಸೆಂಬರಿನಲ್ಲಿ ಆಪಲ್, ಸಾಧ್ಯತೆ ಎಷ್ಟು ಅಂತ ಕೊಳ್ಳೋ ಮೊದಲೇ ತೋರಿಸಬೇಕು ಅಂತ ನಿಯಮ ಮಾಡಿತು. ಅಂದ್ರೆ ಆ ಅಂಕಿ ಆಟದೊಳಗೇ ಇರುತ್ತೆ. ಒಂದು ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಓದೋರು ಬೇಕು ಅಷ್ಟೆ.

ಇನ್ನೊಂದು ವಿಷಯ. ಇಷ್ಟೆಲ್ಲ ಮಾಡಿ ಕಟ್ಟಿದ ಬ್ಯಾಂಡ್ ಯಾರದ್ದು? 2012ರ ಮೇ ತಿಂಗಳಲ್ಲಿ ಐಫೋನಿನ ರಾಕ್ ಬ್ಯಾಂಡ್ ಆಟ ತೆರೆದವರಿಗೆ ಒಂದು ಸಂದೇಶ ಕಂಡಿತು: 31ನೇ ತಾರೀಖಿನಿಂದ ಈ ಆಟ ನಿಮ್ಮ ಫೋನಿನಲ್ಲಿ ನಡೆಯೋದಿಲ್ಲ. ದುಡ್ಡು ಕೊಟ್ಟು ಕೊಂಡವರು ಗಲಾಟೆ ಮಾಡಿದರು. ಸಂದೇಶ ತಪ್ಪಾಗಿ ಹೋಗಿದೆ ಅಂತ ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಹೇಳಿತು. ಇನ್ನೊಂದು, ‘ಲವ್ ಲೈವ್!’ ಸರಣಿಯ ಒಂದು ತಾಳದ ಆಟ. ಅದರ ಜಾಗತಿಕ ಆವೃತ್ತಿ 2024ರ ಫೆಬ್ರವರಿಯಲ್ಲಿ ಬಂತು. ಬರೋ ಮೊದಲೇ, ಮೇ 31ಕ್ಕೆ ಮುಚ್ಚುತ್ತೇವೆ ಅಂತಲೂ ಪ್ರಕಟಿಸಿದ್ದರು. ಹುಟ್ಟೋ ಮೊದಲೇ ತಿಥಿಯ ದಿನ ಗೊತ್ತು! (ನಗು) ಸರ್ವರ್ ನಿಂತ ದಿನ ನಿಮ್ಮ ಕಾರ್ಡ್ ಎಲ್ಲ ಹೋಯ್ತು.

ಇಲ್ಲೇ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು. ಕುರ್ಚಿ ಹಾಕೋರು, ಚಂದಾ ಕೇಳೋರು, ನಾಟಕಕ್ಕೆ ಹುಡುಗರನ್ನ ಸೇರಿಸೋರು ಇದ್ದರೆ ಮಾತ್ರ ಇಂಥದ್ದು ನಡೆಯೋದು. ಮ್ಯಾನೇಜ್‌ಮೆಂಟ್ ಅಂದ್ರೆ ಇದೂ ಹೌದಲ್ವಾ?

ನಿಜವಾದ ಬ್ಯಾಂಡಿಗೂ ಅಷ್ಟೇ. ನಮ್ಮ ಕನ್ನಡದ ಉದಾಹರಣೆ ರಘು ದೀಕ್ಷಿತ್. ಹುಟ್ಟಿದ್ದು ಇದೇ ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಕೈಗೆ ಬಂದದ್ದು ಗಿಟಾರ್. ಶಿಶುನಾಳ ಷರೀಫರ ಪದಗಳೂ ಇದ್ದ ಅವರ ಮೊದಲ ಆಲ್ಬಂ 2008ರಲ್ಲಿ ಬಂತು. ಅದನ್ನ ಹೊರತಂದವರು ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. ತಂಡದ ಹೆಸರಲ್ಲೇ ‘ಪ್ರಾಜೆಕ್ಟ್’ ಅಂತ ಇದೆ, ನೋಡಿ. ಕಲಾವಿದರು ಬರ್ತಾರೆ, ನುಡಿಸ್ತಾರೆ, ಹೋಗ್ತಾರೆ, ಅದಕ್ಕೆ ಬಾಗಿಲು ತೆರೆದಿರಲಿ ಅನ್ನೋ ಯೋಚನೆ. ಆಟದ ಕಾರ್ಡ್‌ಗೆ ಪುಣೆಯಲ್ಲಿ ಕೆಲಸ ಸಿಗೋದಿಲ್ಲ, ಮದುವೆ ಆಗೋದಿಲ್ಲ, ‘ನನ್ನ ಸೋಲೋ ಯಾಕೆ ಕಟ್ ಮಾಡಿದೆ?’ ಅಂತ ಮುನಿಸಿಕೊಳ್ಳೋದಿಲ್ಲ. ಬ್ಯಾಂಡ್ ನಡೆಸೋ ಕಷ್ಟ ಇರೋದೇ ಅಲ್ಲಿ, ಸುಖ ಇರೋದೂ ಅಲ್ಲಿ.

ಆಟ ಮಾಡಿದವರಿಗೂ ಇದು ಗೊತ್ತು. ಬ್ಯಾಂಗ್ ಡ್ರೀಮ್‌ನ ಪಾಪಿನ್ ಪಾರ್ಟಿ ತಂಡಕ್ಕೆ ಧ್ವನಿ ಕೊಟ್ಟ ಐದು ಕಲಾವಿದೆಯರು ನಿಜವಾಗಿ ವಾದ್ಯ ನುಡಿಸ್ತಾರೆ. ಆಟ ಬಂದ ವರ್ಷವೇ, 2017ರ ಆಗಸ್ಟಿನಲ್ಲಿ, ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ನುಡಿಸಿದರು. ಆ ವೇದಿಕೆಯಲ್ಲಿ ಒಬ್ಬರು ಪೆಟ್ಟು ತಪ್ಪಿದರೆ ಉಳಿದ ನಾಲ್ವರು ಕೇಳಿಸಿಕೊಂಡು ಹಿಡೀಬೇಕು.

ಹಾಗಾಗಿ ಮನೆಯಲ್ಲಿ ಇಂಥ ಆಟ ಆಡೋ ಮಕ್ಕಳಿದ್ದರೆ ಫೋನ್ ಕಿತ್ಕೊಳ್ಳಿ ಅಂತ ನಾನು ಹೇಳಲ್ಲ. ಪಕ್ಕದಲ್ಲಿ ಕೂತು ಒಂದು ಹಾಡು ನೋಡಿ. ತಡ ಹೊಂದಿಸಿದ್ದಾರಾ ಅಂತ ಕೇಳಿ. ಖರೀದಿಗೆ ಪಾಸ್‌ವರ್ಡ್ ಇಡಿ. ಆಮೇಲೆ ಆ ಸಣ್ಣ ಅಕ್ಷರದ ಅಂಕಿ ಹುಡುಕಿಸಿ, ಮಗುವಿನ ಕೈಯಲ್ಲೇ 0.97ರ ಗುಣಾಕಾರ ಮಾಡಿಸಿ. ಕೆಲವು ಆಟಗಳಲ್ಲಿ ‘ಇಷ್ಟು ಸಲ ಎಳೆದರೆ ಖಂಡಿತ ಸಿಗುತ್ತೆ’ ಅಂತ ಇರುತ್ತೆ. ಆ ಸಂಖ್ಯೆಯನ್ನ ಒಂದು ಸಲಕ್ಕೆ ಬೀಳೋ ದುಡ್ಡಿನಿಂದ ಗುಣಿಸಿ, ಕಾರ್ಡಿನ ನಿಜವಾದ ಬೆಲೆ ಚೀಟಿ ಅದೇ. ಹತ್ತನೇ ಕ್ಲಾಸಿನ ಸಂಭವನೀಯತೆ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಮಗು ‘ಎಕ್ಸ್‌ಪರ್ಟ್’ ಮಟ್ಟದ ಹಾಡು ದಾಟಿದೆ ಅಂದ್ರೆ, ಬೆರಳು ತಯಾರಾಗಿದೆ, ಕೂತು ಅಭ್ಯಾಸ ಮಾಡೋ ಹಠವೂ ಇದೆ ಅಂತ ಅರ್ಥ. ಮೃದಂಗ, ತಬಲಾ, ಡ್ರಮ್ಸ್, ಗಿಟಾರ್ ಯಾವುದಾದರೂ ಸರಿ, ಒಂದು ವಾದ್ಯ ಕೈಗೆ ಕೊಡಿ. ಜೊತೆಗೆ ಬಾರಿಸೋಕೆ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಹುಡುಕಿ ಕೊಡಿ. ಮೊದಲ ತಿಂಗಳು ಪಕ್ಕದ ಫ್ಲ್ಯಾಟಿನವರು ಬೈತಾರೆ, ಅದಕ್ಕೆ ನನ್ನ ಹತ್ತಿರ ಸಾಫ್ಟ್‌ವೇರ್ ಪರಿಹಾರ ಇಲ್ಲ. (ನಗು)

ಪ್ರಶ್ನೆಗಳಿದ್ದರೆ ಕೇಳಿ, ಕಾಫಿ ಬರೋಕೆ ಇನ್ನೂ ಹತ್ತು ನಿಮಿಷ ಇದೆ.