ಇಳಿದದ್ದು ಲೆಕ್ಕ, ಕಾಯಿಲೆಯಲ್ಲ



ಈ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ನಾನು ವೈದ್ಯನಲ್ಲ. ಆದರೂ ಇವತ್ತು ಒಂದು ಕಾಯಿಲೆಯ ಬಗ್ಗೆ ಎರಡು ಮಾತು ಹೇಳಬೇಕು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುವ ಹೊತ್ತಿಗೆ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಮನೆಯಲ್ಲಿ ದೊಡ್ಡಪ್ಪನಿಗೆ ಬಿಡದ ಕೆಮ್ಮು, ಸಂಜೆಯಾದರೆ ಜ್ವರ. ಆಸ್ಪತ್ರೆಗೆ ಕರೆದರೆ, "ಬ್ಯಾಡ ಕಣೋ, ಕೊರೊನಾ ಅಂತ ಹಿಡ್ಕಂಡು ಹೋಗ್ತಾರೆ" ಎನ್ನುತ್ತಿದ್ದರು. ಓದಿದವನಾದ ನಾನೂ ಸುಮ್ಮನಾದೆ. ನಾಲ್ಕು ತಿಂಗಳ ನಂತರ ಕಫ ಪರೀಕ್ಷೆ ಮಾಡಿಸಿದಾಗ ಟಿ.ಬಿ. ಎಂದು ಗೊತ್ತಾಯಿತು. ಅಷ್ಟರೊಳಗೆ ಅವರ ಪಕ್ಕದಲ್ಲೇ ಮಲಗುತ್ತಿದ್ದ ಮೊಮ್ಮಗಳಿಗೂ ತಗುಲಿತ್ತು. ಇಬ್ಬರೂ ಆರು ತಿಂಗಳು ಮಾತ್ರೆ ನುಂಗಿ ಗುಣವಾದರು. ಆದರೆ ಆ ಮಗುವಿಗೆ ಬಂದದ್ದು ನಮ್ಮ ನಾಲ್ಕು ತಿಂಗಳ ಮೌನದಿಂದ.

ಆಮೇಲೆ ಸರ್ಕಾರದ ಲೆಕ್ಕ ನೋಡಿದೆ. 2019ರಲ್ಲಿ ದೇಶದಲ್ಲಿ ದಾಖಲಾದ ಟಿ.ಬಿ. ರೋಗಿಗಳು ಸುಮಾರು 24 ಲಕ್ಷ; 2020ರಲ್ಲಿ 18 ಲಕ್ಷ. ನಮ್ಮ ಮನೆಯ ಕಥೆ ಗೊತ್ತಿರದಿದ್ದರೆ ಕಾಯಿಲೆ ಇಳಿಯಿತೆಂದು ಖುಷಿಪಡುತ್ತಿದ್ದೆ. ನಿಜವಾಗಿ ಆದದ್ದು ಬೇರೆ. ಬಸ್ಸಿರಲಿಲ್ಲ. ಆರೋಗ್ಯ ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಕೊರೊನಾ ಕೆಲಸಕ್ಕೆ ಹೋದರು. ಟಿ.ಬಿ. ಪತ್ತೆ ಮಾಡುವ ಟ್ರೂನ್ಯಾಟ್, ಸಿಬಿನ್ಯಾಟ್ ಯಂತ್ರಗಳನ್ನೂ ಕೊರೊನಾ ಪರೀಕ್ಷೆಗೆ ಬಳಸಬೇಕಾಯಿತು. ಕೆಮ್ಮುವವರು ಹೆದರಿ ಮನೆಯಲ್ಲೇ ಉಳಿದರು.

ನಮ್ಮ ಕೆರೆಯ ಸಿದ್ದನ ತೂಬು, ಬಸವನ ತೂಬು ಎರಡನ್ನೂ ಮುಚ್ಚಿದರೆ ನಾಲೆಯಲ್ಲಿ ನೀರು ಕಾಣುವುದಿಲ್ಲ. ಹಾಗಂತ ಕೆರೆ ಬತ್ತಿದೆ ಎನ್ನುತ್ತೇವೆಯೇ? 2022ರಲ್ಲಿ ದಾಖಲಾದವರ ಸಂಖ್ಯೆ ಮತ್ತೆ 24 ಲಕ್ಷ ದಾಟಿತು. ಜಗತ್ತಿನಲ್ಲಿ ಹತ್ತಾರು ವರ್ಷದಿಂದ ಇಳಿಯುತ್ತಿದ್ದ ಟಿ.ಬಿ. ಸಾವು 2020ರಲ್ಲಿ ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಕೊರೊನಾದ ಅಬ್ಬರ ಇಳಿಯಿತು, ಟಿ.ಬಿ. ಹೋಗಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಪರೀಕ್ಷೆ, ಮಾತ್ರೆ ಎರಡೂ ಉಚಿತ. ಊಟಕ್ಕೆಂದು ತಿಂಗಳಿಗೆ 1000 ರೂಪಾಯಿಯೂ ಬ್ಯಾಂಕ್ ಖಾತೆಗೆ ಬರುತ್ತದೆ. ನಾಚಿಕೆಪಡುವ ಕಾಯಿಲೆ ಇದಲ್ಲ.

ಲೆಕ್ಕ ಬಿಡಿಸುವುದನ್ನು ಈ ಶಾಲೆ ನನಗೆ ಕಲಿಸಿತು. ಲೆಕ್ಕಕ್ಕೆ ಸಿಗದವರನ್ನು ನೋಡುವುದನ್ನು ದೊಡ್ಡಪ್ಪ ಕಲಿಸಿದರು. ನಿಮ್ಮ ಮನೆಯಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ನನ್ನ ಹಾಗೆ ನಾಲ್ಕು ತಿಂಗಳು ಕಾಯಬೇಡಿ.